ವಾಲೈ ಹಿಡಿಯಲು ಸ್ಪಿನ್ನರ್ ರಿಗ್ ನಾನೇ ಕಟ್ಟಬೇಕು: ಬ್ಲೇಡ್, ಕ್ಲೆವಿಸ್, ಮಣಿ, ಕೊಕ್ಕೆ ಯಾವುದು ಕೊಳ್ಳಲಿ?

ನೀವು ಕೇಳಿದ್ದು ಇಷ್ಟು. ಮಿನಿಯಾಪೊಲಿಸ್‌ನಲ್ಲಿದ್ದೀರಿ, ಗೆಳೆಯರ ಸಣ್ಣ ದೋಣಿಯಲ್ಲಿ ಮಿಲ್ ಲ್ಯಾಕ್ಸ್ ಸರೋವರಕ್ಕೆ ವಾಲೈ ಮೀನು ಹಿಡಿಯಲು ಹೋಗುತ್ತೀರಿ. ಅಂಗಡಿಯಲ್ಲಿ ಕಟ್ಟಿಟ್ಟ ಸ್ಪಿನ್ನರ್ ರಿಗ್, ಅಂದರೆ ತಿರುಗುವ ಬ್ಲೇಡ್, ಅದನ್ನು ದಾರಕ್ಕೆ ಹಿಡಿಯುವ ಕ್ಲೆವಿಸ್ ಅನ್ನುವ ಕೊಂಡಿ, ಮಣಿ, ಕೊಕ್ಕೆ ಪೋಣಿಸಿದ ಗಾಳದ ದಾರ, ಅದನ್ನು ಬಿಟ್ಟು ಈ ಬೇಸಿಗೆ ನೀವೇ ಕಟ್ಟಬೇಕು ಅಂತಿದ್ದೀರಿ. ಆದರೆ ಅಂಗಡಿಯ ಗೋಡೆ ತುಂಬ ತೂಗುಹಾಕಿದ ಬಿಡಿಭಾಗ ನೋಡಿದರೆ ತಲೆ ಕೆಡುತ್ತದೆ, ಯಾವುದು ಬೇಕು, ಯಾವುದು ದಂಡ?

ನಾನೂ ಇದೇ ಮಿನ್ನೆಸೋಟದಲ್ಲಿ ಬಹಳ ಕಾಲದಿಂದ ಇರುವವನು. ಹೊರಗೆ ಕಾಲಿಡಲಾಗದ ಚಳಿಯ ಸಂಜೆಗಳಲ್ಲಿ ಊಟದ ಮೇಜಿನ ಮೇಲೆ ಇದನ್ನೇ ಹರವಿಕೊಂಡು ಕೂರುತ್ತೇನೆ. ಮನೆಯವರ ಬೈಗುಳದ ವಿಷಯ ಬೇರೆ. ನನ್ನ ಸಲಹೆ ಒಂದೇ: ಬಣ್ಣವನ್ನು ಕೊನೆಗೆ ನೋಡಿ, ದೋಣಿಯ ವೇಗವನ್ನು ಮೊದಲು ನೋಡಿ. ನೀವು ಹೋಗುವ ವೇಗದಲ್ಲಿ ಬ್ಲೇಡ್ ತಡೆಯಿಲ್ಲದೆ ತಿರುಗಬೇಕು. ತಿರುಗದ ಬ್ಲೇಡ್ ಎಷ್ಟು ಚೆಂದ ಇದ್ದರೂ ಸುಮ್ನೆ ಒಂದು ತಗಡು.

ಹಾಗಾಗಿ ಅಂಗಡಿಗೆ ಹೋಗುವ ಮೊದಲು ಗೆಳೆಯರನ್ನು ಒಂದು ಮಾತು ಕೇಳಿ, ದೋಣಿ ಎಷ್ಟು ವೇಗದಲ್ಲಿ ಓಡಿಸುತ್ತಾರೆ ಅಂತ. ಸಣ್ಣ ದೋಣಿ, ಬ್ಯಾಟರಿ ಮೋಟಾರು ಅಂದರೆ ಹೆಚ್ಚಾಗಿ ಗಂಟೆಗೆ ಒಂದು ಮೈಲಿಯ ಆಸುಪಾಸು. ಆ ವೇಗಕ್ಕೆ ಕೊಲರಾಡೊ ಬ್ಲೇಡ್ ಸರಿ. ಅದು ಹೆಚ್ಚುಕಡಿಮೆ ದುಂಡಗಿರುತ್ತದೆ, ದಾರದಿಂದ ಅಗಲವಾಗಿ ಹೊರಚಾಚಿ ತಿರುಗುತ್ತದೆ, ನೀರಿನಲ್ಲಿ ದಬದಬ ಅಂತ ಬಡಿತ ಎಬ್ಬಿಸುತ್ತದೆ. ಒಂದು ಮೈಲಿಗಿಂತ ಸ್ವಲ್ಪ ಜಾಸ್ತಿ, ಒಂದೂವರೆಯವರೆಗೆ ಹೋಗುವುದಾದರೆ ಇಂಡಿಯಾನಾ ಬ್ಲೇಡ್. ಇದು ನೀರಹನಿಯ ಆಕಾರದ್ದು. ಅದಕ್ಕಿಂತ ವೇಗವಾಗಿ, ಎರಡು ಮೈಲಿಯ ಹತ್ತಿರ ಎಳೆಯುವವರಿಗೆ ಉದ್ದ ಎಲೆಯಂಥ ವಿಲೋ ಬ್ಲೇಡ್. ಅದು ದಾರಕ್ಕೆ ಅಂಟಿಕೊಂಡಂತೆ ತಿರುಗುತ್ತದೆ, ಬಡಿತ ಕಡಿಮೆ, ಹೊಳಪು ಜಾಸ್ತಿ. ನಿಧಾನದ ದೋಣಿಗೆ ವಿಲೋ ಕಟ್ಟಿದರೆ ಅದು ಅರ್ಧ ಹೊತ್ತು ಜೋತುಬಿದ್ದಿರುತ್ತದೆ.

ಇನ್ನೂ ನಿಧಾನ, ಅಂದರೆ ಅರ್ಧ ಮೈಲಿ ವೇಗದಲ್ಲಿ ಗಾಳಿ ತಳ್ಳಿದ ಕಡೆ ಸಾಗುವ ಅಭ್ಯಾಸವಿದ್ದರೆ ಲೋಹದ ಬ್ಲೇಡನ್ನೇ ಬಿಡಿ. ಮ್ಯಾಕ್ಸ್ ಲೂರ್ ಕಂಪನಿಯ ಸ್ಮೈಲ್ ಬ್ಲೇಡ್ ಅಂತ ಬರುತ್ತದೆ, ತೆಳ್ಳಗಿನ ಪ್ಲಾಸ್ಟಿಕ್ ಹಾಳೆಯದು. ದಾರವನ್ನು ನೇರ ಅದರ ತೂತಿನಲ್ಲೇ ಪೋಣಿಸುತ್ತಾರೆ, ಕ್ಲೆವಿಸ್ ಬೇಡವೇ ಬೇಡ. ರೆಕ್ಕೆಗಳನ್ನು ಬೆರಳಲ್ಲಿ ಸ್ವಲ್ಪ ಮಡಚಿ ಬಿಚ್ಚಿ ತಿರುಗುವ ರೀತಿಯನ್ನೂ ಬದಲಿಸಬಹುದು. ದೋಣಿ ತಿರುವು ತೆಗೆದುಕೊಳ್ಳುವಾಗ ಒಳಬದಿಯ ದಾರ ನಿಧಾನವಾಗುತ್ತದಲ್ವಾ, ಆಗಲೂ ಇದು ತಿರುಗುತ್ತಲೇ ಇರುತ್ತದೆ.

ಅಳತೆಯ ವಿಷಯಕ್ಕೆ ಬರೋಣ. ಮಿಲ್ ಲ್ಯಾಕ್ಸ್‌ನಂಥ ಒಳನಾಡಿನ ಸರೋವರಕ್ಕೆ 2, 3, 4ನೇ ನಂಬರು ಸಾಕು. ಈರಿ ಸರೋವರದಲ್ಲಿ ದೊಡ್ಡ ವಾಲೈ ಹಿಂದೆ ಹೋಗುವವರು 6, 7, 8 ಕಟ್ಟುತ್ತಾರೆ, ಅವರ ಮಾತು ಕೇಳಿ ಆ ದೊಡ್ಡ ತಗಡು ತರಬೇಡಿ. ಹೊಸಬರು ಇಲ್ಲಿ ಎಡವುವುದು ಬೇರೆ ಕಡೆ. ಬ್ಲೇಡ್‌ನ ನಂಬರು ಏರಿದಂತೆ ಬ್ಲೇಡ್ ದೊಡ್ಡದಾಗುತ್ತದೆ. ಕೊಕ್ಕೆಗೆ ಉಲ್ಟಾ. 2ನೇ ನಂಬರಿನ ಕೊಕ್ಕೆ 4ಕ್ಕಿಂತ ದೊಡ್ಡದು. ಪೊಟ್ಟಣದ ಮೇಲಿನ ನಂಬರು ಓದಿ ಗಾಬರಿಯಾಗಬೇಡಿ.

ಈಗ ಕ್ಲೆವಿಸ್. ನಿಮ್ಮ ಪ್ರಶ್ನೆಯಲ್ಲಿ ಇದಕ್ಕೆ ಅರ್ಧ ಸಾಲು ಕೊಟ್ಟಿದ್ದೀರಿ, ನಾನಾದರೆ ಅರ್ಧ ಪ್ರಶ್ನೆ ಇದಕ್ಕೇ ಕೊಡುತ್ತಿದ್ದೆ. ಕಿವಿಯ ಜುಮಕಿ ತೂಗುವ ಕೊಂಡಿ ಇದ್ದಂತೆ ಇದು, ಬ್ಲೇಡನ್ನು ಹಿಡಿದುಕೊಂಡು ದಾರದ ಸುತ್ತ ತಿರುಗುತ್ತದೆ. ರಿಗ್‌ನಲ್ಲಿ ಸವೆಯುವುದೂ ಸವೆಸುವುದೂ ಇದೇ. ಮೂರು ಥರದ್ದು ಸಿಗುತ್ತದೆ.

ಮೊದಲನೆಯದು ತಗಡನ್ನು ಮಡಚಿ ಮಾಡಿದ್ದು. ಅಗ್ಗ, ಸಣ್ಣ ಬ್ಲೇಡ್‌ಗೆ ನಡೆಯುತ್ತದೆ. ಎರಡನೆಯದು ಕುದುರೆ ಸವಾರ ಕಾಲಿಡುವ ಸ್ಟಿರಪ್‌ನ ಆಕಾರದ್ದು, ಎರಡು ಕಿವಿ, ಕಿವಿಗೊಂದು ತೂತು. ಇದು ಸಲೀಸಾಗಿ ತಿರುಗುತ್ತದೆ, 4ನೇ ನಂಬರಿನ ಬ್ಲೇಡನ್ನೂ ಆರಾಮಾಗಿ ಹೊರುತ್ತದೆ. ನನ್ನ ಡಬ್ಬಿಯಲ್ಲಿ ಜಾಸ್ತಿ ಇರುವುದು ಇದೇ. ಆದರೆ ಕೊಂಡ ಮೇಲೆ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಬೇಕು. ತೂತು ಹೊಡೆದ ಕಡೆ ಲೋಹದ ಅಂಚು ಎದ್ದಿರುತ್ತದೆ, ಕಣ್ಣಿಗೆ ಸರಿಯಾಗಿ ಕಾಣದು. ಹತ್ತಿಯ ಎಳೆಯೊಂದನ್ನು ಹೊಸೆದು ತೂತಿನಲ್ಲಿ ಹಿಂದೆ ಮುಂದೆ ಎಳೆಯಿರಿ. ಎಳೆ ಸಿಕ್ಕಿಕೊಂಡು ನೂಲು ನೂಲಾಗಿ ಬಿಟ್ಟುಕೊಂಡರೆ ಆ ಕ್ಲೆವಿಸ್ ಕಸದ ಬುಟ್ಟಿಗೆ. ಹತ್ತಿಗೆ ಮಾಡಿದ್ದನ್ನೇ ಅದು ನಿಮ್ಮ ನೈಲಾನ್ ದಾರಕ್ಕೂ ಮಾಡುತ್ತದೆ, ನಿಧಾನವಾಗಿ, ನಿಮಗೆ ಗೊತ್ತಾಗದಂತೆ. ದೊಡ್ಡ ಮೀನು ಎಳೆದಾಗ ದಾರ ಕಡಿಯುವುದು ಗಂಟಿನಲ್ಲೇ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಅದು ಕ್ಲೆವಿಸ್ ಕೂತ ಜಾಗ.

ಮೂರನೆಯದು ಪ್ಲಾಸ್ಟಿಕ್‌ನದು, ಕ್ವಿಕ್ ಚೇಂಜ್ ಅನ್ನುತ್ತಾರೆ. ಪಕ್ಕದಲ್ಲಿ ಒಂದು ಸೀಳು ಇರುತ್ತದೆ, ಗಂಟು ಬಿಚ್ಚದೆ ಬ್ಲೇಡ್ ತೆಗೆದು ಇನ್ನೊಂದು ಹಾಕಬಹುದು. ಮಿನ್ನೆಸೋಟದ ಒಳಗಿನ ಸರೋವರಗಳಲ್ಲಿ ಬೇಸಿಗೆಯಲ್ಲಿ ಒಬ್ಬರಿಗೆ ಒಂದೇ ಗಾಳದ ದಾರ ಅಂತ ಕಾನೂನು. ನಾಲ್ಕು ಬಣ್ಣ ಒಟ್ಟಿಗೆ ಬಿಟ್ಟು ನೋಡುವ ಹಾಗಿಲ್ಲ. ಅದಕ್ಕೇ ಇಲ್ಲಿನವರಿಗೆ ಈ ಪ್ಲಾಸ್ಟಿಕ್ ಕ್ಲೆವಿಸ್ ಇಷ್ಟ. ಹೊಸದಾಗಿ ಕಟ್ಟುವವರು ಮೊದಲ ಬೇಸಿಗೆಗೆ ಇದನ್ನೇ ಹಾಕಿಕೊಳ್ಳಿ ಅಂತ ನಾನೂ ಹೇಳುತ್ತೇನೆ, ಯಾವ ಬ್ಲೇಡ್ ನಿಮ್ಮ ದೋಣಿಗೆ ಹೊಂದುತ್ತದೆ ಅಂತ ಬೇಗ ತಿಳಿಯುತ್ತದೆ. ದೊಡ್ಡ ಬ್ಲೇಡ್ ಹಾಕಿ ದಿನಗಟ್ಟಲೆ ಎಳೆದರೆ ಸೀಳು ಅಗಲವಾಗಿ ಬ್ಲೇಡ್ ಕಳಚಿ ಹೋಗುತ್ತದೆ, ಅಷ್ಟು ನೆನಪಿರಲಿ.

ಯಾವ ಥರದ್ದೇ ಆಗಲಿ, ಬ್ಲೇಡ್ ಹಾಕಿದ ಮೇಲೆ ಬೆರಳಲ್ಲಿ ಆ ಕಡೆ ಈ ಕಡೆ ಬೀಳಿಸಿ ನೋಡಿ. ಎಲ್ಲೂ ತಡೆಯಬಾರದು. ತಡೆದರೆ ಕ್ಲೆವಿಸ್ ಚಿಕ್ಕದಾಯಿತು ಅಂತ ಅರ್ಥ. ಬ್ಲೇಡ್‌ನ ತಗ್ಗಾದ ಬದಿ ದಾರದ ಕಡೆ, ಉಬ್ಬಿದ ಬದಿ ಹೊರಗೆ ಇರಲಿ.

ಮಣಿಯನ್ನು ಎಲ್ಲರೂ ಅಲಂಕಾರ ಅಂದುಕೊಳ್ಳುತ್ತಾರೆ, ಅದಕ್ಕೆ ಎರಡು ಕೆಲಸವಿದೆ. ಕ್ಲೆವಿಸ್‌ನ ಕೆಳಗೆ ಕೂತ ಮೊದಲ ಮಣಿ ಬೇರಿಂಗ್ ಥರ, ಅದರ ಮೇಲೆ ಕ್ಲೆವಿಸ್ ಜಾರುತ್ತಾ ತಿರುಗುತ್ತದೆ. ಹಾಗಾಗಿ ಅದು ದುಂಡಗೆ, ನುಣ್ಣಗೆ ಇರಬೇಕು. ಪಟ್ಟೆ ಕಡಿದ ಹೊಳಪಿನ ಮಣಿ ಬೇಕೇ ಬೇಕು ಅಂದರೆ ಕೆಳಗೆ ಹಾಕಿಕೊಳ್ಳಿ. ಎರಡನೆಯ ಕೆಲಸ ದೂರ ಇಡುವುದು. ಬ್ಲೇಡ್‌ನ ತುದಿ ಮುಂದಿನ ಕೊಕ್ಕೆಗೆ ತಾಗಬಾರದು. ತಾಗಿದರೆ ತಿರುಗುವುದು ನಿಲ್ಲುತ್ತದೆ, ಕೊಕ್ಕೆಗೂ ಸಿಕ್ಕಿಕೊಳ್ಳುತ್ತದೆ. 3ನೇ ನಂಬರಿನ ಕೊಲರಾಡೊ ಉದ್ದ ಒಂದಿಂಚಿಗಿಂತ ತುಸು ಕಡಿಮೆ. 5 ಮಿಲಿಮೀಟರಿನ ಮಣಿ ಐದಾರು ಪೋಣಿಸಿದರೆ ಸರಿಯಾಗುತ್ತದೆ. ವಿಲೋ ಉದ್ದ, ಅದಕ್ಕೆ ಇನ್ನೂ ನಾಲ್ಕು ಮಣಿ ಜಾಸ್ತಿ ಬೇಕು. ಲೆಕ್ಕ ಹಾಕುವ ಬದಲು ಪೋಣಿಸುವಾಗಲೇ ಬ್ಲೇಡನ್ನು ಕೆಳಕ್ಕೆ ಮಡಚಿ ಮಣಿಗಳ ಸಾಲಿಗೆ ಹಿಡಿದು ನೋಡಿ, ಬ್ಲೇಡ್ ಮುಗಿದ ಮೇಲೂ ಅರ್ಧ ಮಣಿ ಉಳಿದಿರಬೇಕು. ತುಂಬ ಜಾಸ್ತಿ ಪೋಣಿಸಿದರೂ ತೊಂದರೆ, ಭಾರಕ್ಕೆ ರಿಗ್ ತಳ ಹಿಡಿಯುತ್ತದೆ. ತಳದಲ್ಲಿ ಪಾಚಿ ಇದ್ದರೆ ಒಂದೆರಡು ಮಣಿ ಬದಲು ತೇಲುವ ಸಣ್ಣ ಫೋಮ್ ಗುಂಡು ಹಾಕುವುದುಂಟು.

ಕೊಕ್ಕೆಗೆ ಹಣ ಉಳಿಸಬೇಡಿ. ಆಕ್ಟೋಪಸ್ ಅನ್ನುವ ಮಾದರಿ ತನ್ನಿ, ಗಿಡ್ಡ ಕಾಲು, ಅಗಲ ಬಾಯಿ, ದಾರ ಪೋಣಿಸುವ ಕಣ್ಣು ಹಿಂದಕ್ಕೆ ಬಾಗಿರುತ್ತದೆ. ಆ ಬಾಗಿದ ಕಣ್ಣಿನಿಂದಾಗಿ ದಾರವನ್ನು ಕೊಕ್ಕೆಯ ಕಾಲಿಗೆ ಸುತ್ತಿ ಕಟ್ಟುವ ಸ್ನೆಲ್ ಗಂಟು ನೇರವಾಗಿ ಕೂರುತ್ತದೆ. 2ನೇ ಅಥವಾ 4ನೇ ನಂಬರು. ದೊಡ್ಡ ಎರೆಹುಳಕ್ಕೆ, ಇಲ್ಲಿನವರು ನೈಟ್ ಕ್ರಾಲರ್ ಅನ್ನುವುದಕ್ಕೆ, ಎರಡು ಕೊಕ್ಕೆ, ನಡುವೆ ಮೂರು ನಾಲ್ಕು ಇಂಚು. ಜಿಗಣೆ ಹಾಕುವುದಾದರೆ ಒಂದೇ ಕೊಕ್ಕೆ ಸಾಕು, ಅದು ಅಂಟಿಕೊಳ್ಳುವ ತುದಿಗೆ ಚುಚ್ಚಿ. ನಮ್ಮೂರ ಹೊಳೆಯಲ್ಲಿ ಎರೆಹುಳವನ್ನು ಮುದ್ದೆ ಮಾಡಿ ಸಿಕ್ಕಿಸಿದರೂ ನಡೆಯುತ್ತಿತ್ತು. ಇಲ್ಲಿ ನಡೆಯದು, ಹುಳ ನೀಟಾಗಿ ನೇರಕ್ಕೆ ಮಲಗಿರಬೇಕು. ಮೂತಿಯ ತುದಿಗೆ ಮೊದಲ ಕೊಕ್ಕೆ, ಹಿಂದಿನದನ್ನು ಹುಳ ಎಳೆದಂತಾಗದ ಹಾಗೆ ಸಡಿಲಕ್ಕೆ. ಹುಳ ಮುದುರಿದರೆ ಅದೇ ತಿರುಗಲು ಶುರುಮಾಡುತ್ತದೆ, ಇಡೀ ದಾರ ನುಲಿದುಕೊಳ್ಳುತ್ತದೆ.

ನುಲಿಯುವ ಮಾತು ಬಂತಲ್ಲ, ಸ್ವಿವೆಲ್, ಅಂದರೆ ದಾರ ನುಲಿಯದಂತೆ ನಡುವೆ ಕಟ್ಟುವ ತಿರುಗು ಕೊಂಡಿ, ಅದೊಂದನ್ನು ಮಾತ್ರ ಬಾಲ್ ಬೇರಿಂಗ್ ಇರುವುದೇ ತನ್ನಿ. ಅಗ್ಗದ ಹಿತ್ತಾಳೆ ಸ್ವಿವೆಲ್ ಕೈಯಲ್ಲಿ ತಿರುಗುತ್ತದೆ, ಭಾರ ಬಿದ್ದಾಗ ನಿಂತುಬಿಡುತ್ತದೆ. ರಿಗ್‌ನ ದಾರಕ್ಕೆ 12ರಿಂದ 14 ಪೌಂಡಿನ ಮೋನೋ (ಒಂದೇ ಎಳೆಯ ನೈಲಾನ್) ಅಥವಾ ಫ್ಲೂರೊಕಾರ್ಬನ್, ಉದ್ದ ನಾಲ್ಕಡಿ, ನೀರು ತೀರಾ ತಿಳಿಯಾಗಿದ್ದರೆ ಐದಾರು ಅಡಿ. ಹೆಣೆದ ದಾರವನ್ನು ರಿಗ್‌ಗೆ ಬಳಸಬೇಡಿ, ಮೆತ್ತಗಿರುವುದರಿಂದ ಬ್ಲೇಡ್‌ಗೂ ಕೊಕ್ಕೆಗೂ ಸುತ್ತಿಕೊಂಡು ಸಿಕ್ಕಾಗುತ್ತದೆ. ಮುಂದೆ ಕಟ್ಟುವ ಭಾರಕ್ಕೆ ಬಾಟಮ್ ಬೌನ್ಸರ್, ಅಂದರೆ ತಂತಿಗೆ ಸೀಸ ಕೂರಿಸಿದ್ದು, ಹತ್ತಡಿ ಆಳಕ್ಕೆ ಒಂದು ಔನ್ಸ್ ಲೆಕ್ಕ. ಮಿಲ್ ಲ್ಯಾಕ್ಸ್ ಅತಿ ಆಳವಿರುವ ಕಡೆಯೂ 40 ಅಡಿಯ ಆಸುಪಾಸು. ಒಂದೂವರೆ, ಎರಡು, ಮೂರು ಔನ್ಸಿನವು ಒಂದೊಂದಿದ್ದರೆ ಹೆಚ್ಚಿನ ಕಡೆ ನಡೆಯುತ್ತದೆ. ದಾರ ನೀರಿಗೆ ಇಳಿಯುವಾಗ ಸುಮಾರು 45 ಡಿಗ್ರಿ ಓರೆಯಲ್ಲಿರಬೇಕು. ತುಂಬ ಹಿಂದೆ ಚಾಚಿಕೊಂಡಿದ್ದರೆ ಭಾರ ಸಾಲದು.

ಬಣ್ಣದ ಬಗ್ಗೆ ನಾನು ಜಿಪುಣ. ವಾಲೈ ಕಣ್ಣಿನ ಹಿಂದೆ ಬೆಳಕು ಮರಳಿಸುವ ಪದರವಿದೆ, ಮಬ್ಬುಗತ್ತಲಲ್ಲಿ ಬೇಟೆಯಾಡುವ ಮೀನು ಅದು. ಬಣ್ಣ ಗುರುತಿಸುವ ಕೋಶಗಳು ಅದಕ್ಕೆ ಎರಡೇ ಥರ, ಒಂದು ಹಸಿರಿನ ಕಡೆಗೆ, ಇನ್ನೊಂದು ಕಿತ್ತಳೆ-ಕೆಂಪಿನ ಕಡೆಗೆ. ಅಂಗಡಿಯ ಇಪ್ಪತ್ತು ಛಾಯೆಗಳು ನಮ್ಮ ಕಣ್ಣಿಗೆ ಹಬ್ಬ, ಅಷ್ಟೇ. ಮಿಲ್ ಲ್ಯಾಕ್ಸ್‌ನಲ್ಲಿ 2005ರಲ್ಲಿ ಝೀಬ್ರಾ ಮಸಲ್ ಚಿಪ್ಪುಗಳು ಕಾಣಿಸಿಕೊಂಡವು, ನೀರನ್ನು ಸೋಸುತ್ತಾ ತಿಳಿಯಾಗಿಸುವುದೇ ಅವುಗಳ ಬದುಕು. ಅಲ್ಲಿಗೆ ಬಿಸಿಲಿದ್ದಾಗ ಬೆಳ್ಳಿ ಹೊಳಪು, ಮೋಡವಿದ್ದಾಗ ಚಿನ್ನದ ಹೊಳಪು, ಅಲೆ ಎದ್ದು ಕದಡಿದಾಗ ಹಸಿರು-ಹಳದಿ ಇಲ್ಲವೇ ಕಿತ್ತಳೆ. ನಾಲ್ಕು ಬಣ್ಣ ಆಯಿತು. ಮುಂದೆಂದಾದರೂ ಲೇಕ್ ಆಫ್ ದ ವುಡ್ಸ್ ಕಡೆ ಹೋದರೆ ಅಲ್ಲಿನ ನೀರು ಕಂದು, ಚಿನ್ನದ್ದನ್ನು ಜಾಸ್ತಿ ಒಯ್ಯಿರಿ.

ಕಟ್ಟಿದ ಮೇಲೆ ಪರೀಕ್ಷೆ ದೋಣಿಯ ಪಕ್ಕದಲ್ಲೇ. ಹುಳ ಸಿಕ್ಕಿಸಿ, ರಿಗ್ಗನ್ನು ಒಂದಡಿ ನೀರಿನಲ್ಲಿ ಇಳಿಸಿ, ದೋಣಿ ಎಂದಿನ ವೇಗದಲ್ಲಿ ಹೋಗಲಿ. ಬ್ಲೇಡ್ ಒಂದು ಮಸುಕು ಉಂಡೆಯಂತೆ ಕಾಣಬೇಕು, ಹುಳ ಅದರ ಹಿಂದೆ ತಿರುಗದೆ ತೇಲಬೇಕು. ಈಗ ವೇಗ ತಗ್ಗಿಸುತ್ತಾ ಹೋಗಿ, ಬ್ಲೇಡ್ ಎಲ್ಲಿ ತೊದಲುತ್ತದೆ ನೋಡಿ. ಅದಕ್ಕಿಂತ ಸ್ವಲ್ಪ ಮೇಲಿನ ವೇಗ ನಿಮ್ಮದು. ಜಿಪಿಎಸ್ ತೋರಿಸುವುದು ನೆಲದ ಮೇಲಿನ ವೇಗ, ಬ್ಲೇಡ್‌ಗೆ ಗೊತ್ತಿರುವುದು ನೀರಿನ ವೇಗ. ಗಾಳಿ ಜೋರಿದ್ದು ನೀರು ಓಡುತ್ತಿರುವ ದಿನ ಎರಡೂ ಬೇರೆ ಬೇರೆ, ಆ ಕಡೆ ಹೋಗುವಾಗ ಒಂದು, ಈ ಕಡೆ ಬರುವಾಗ ಇನ್ನೊಂದು. ದಿಕ್ಕು ಬದಲಿಸಿದಾಗಲೆಲ್ಲ ಒಮ್ಮೆ ಬಗ್ಗಿ ನೋಡಿದರೆ ಸಾಕು.

ಒಂದು ಮಾತು ಬಿಟ್ಟಿದ್ದೆ. ಮೇ ತಿಂಗಳಲ್ಲಿ ವಾಲೈ ಹಿಡಿಯಲು ಅನುಮತಿ ಶುರುವಾದ ಹೊಸತರಲ್ಲಿ ನೀರು ಇನ್ನೂ ತಣ್ಣಗಿರುತ್ತದೆ, ಆಗ ಜಿಗ್ (ತಲೆಗೆ ಭಾರ ಕೂರಿಸಿದ ಕೊಕ್ಕೆ) ಅಥವಾ ಲಿಂಡಿ ರಿಗ್ (ದಾರದ ಮೇಲೆ ಜಾರುವ ಭಾರ, ತುದಿಗೆ ಬರೀ ಕೊಕ್ಕೆ) ಹಾಕಿ. ನೀರು 60 ಡಿಗ್ರಿ ಫ್ಯಾರನ್‌ಹೀಟ್ ದಾಟಿ ಮೀನು ಅಟ್ಟಿಸಿಕೊಂಡು ಬರುವ ಹುರುಪಿಗೆ ಬಂದ ಮೇಲೆ ಸ್ಪಿನ್ನರ್‌ನ ಕಾಲ.

ಕಟ್ಟಿಟ್ಟದ್ದನ್ನೇ ಕೊಂಡರೆ ಆಗಲ್ವಾ ಅಂತ ಕೊನೆಯಲ್ಲಿ ಕೇಳಿದ್ದೀರಿ. ಆಗುತ್ತದೆ. ಮನೆಯಲ್ಲಿ ಈಗಾಗಲೇ ಇರುವ ಅಂಗಡಿ ರಿಗ್‌ಗಳನ್ನು ಎಸೆಯಬೇಡಿ, ಬಿಚ್ಚಿ ಬ್ಲೇಡು, ಮಣಿ ಉಳಿಸಿಕೊಂಡು ನಿಮ್ಮ ದಾರ, ನಿಮ್ಮ ಕೊಕ್ಕೆಗೆ ಹಾಕಿಕೊಳ್ಳಿ. ಕಟ್ಟಿದ್ದನ್ನು ಪೊಟ್ಟಣದಲ್ಲಿ ಸುತ್ತಿಟ್ಟರೆ ದಾರ ಸುರುಳಿಯಾಗಿಯೇ ಉಳಿಯುತ್ತದೆ. ಮಕ್ಕಳು ಈಜುಕೊಳದಲ್ಲಿ ತಬ್ಬಿಕೊಳ್ಳುವ ಫೋಮ್ ಕೋಲು ಒಂದು ತಂದು, ಅಂಗೈಯಗಲದ ತುಂಡು ಮಾಡಿ, ಅದಕ್ಕೆ ಕೊಕ್ಕೆ ಚುಚ್ಚಿ ದಾರ ಸುತ್ತಿಡಿ. ತುಂಡಿನ ಮೇಲೆ ಬ್ಲೇಡ್‌ನ ನಂಬರು ಪೆನ್ನಲ್ಲಿ ಬರೆದಿಡಿ, ಬೆಳಗಿನ ಜಾವದ ಕತ್ತಲಲ್ಲಿ ಹುಡುಕುವುದು ಸುಲಭ.