ತಂಡ ಬಿಟ್ಟವರಿಗೆ ಸ್ಪೀಕರಿನಲ್ಲಿ ಪಾಲೆಷ್ಟು?

ಪ್ರಶ್ನೆ: ನಾವು ಐವರು ಸೇರಿ ಆರ್ಕೆಸ್ಟ್ರಾ ನಡೆಸುತ್ತಿದ್ದೇವೆ. ಮೂರು ವರ್ಷದ ಹಿಂದೆ ತಲಾ 80,000 ರೂಪಾಯಿ ಹಾಕಿ ಮಿಕ್ಸರ್, ಸ್ಪೀಕರ್, ಆಂಪ್ಲಿಫೈಯರ್, ಆಕ್ಟೊಪ್ಯಾಡ್, ಮೈಕು ಕೊಂಡೆವು. ಬಿಲ್ಲೆಲ್ಲ ಕೀಬೋರ್ಡ್ ನುಡಿಸುವವನ ಹೆಸರಿನಲ್ಲಿದೆ. ಈಗ ತಂಡ ಬಿಡುತ್ತಿರುವ ಅವನು, ‘ನನ್ನ 80,000 ಕೊಡಿ, ಇಲ್ಲವೇ ಸಾಮಾನು ಒಯ್ಯುತ್ತೇನೆ’ ಎನ್ನುತ್ತಾನೆ. ಬರವಣಿಗೆಯಲ್ಲಿ ಏನೂ ಇಲ್ಲ. ಏನು ಮಾಡೋಣ?
– ಓದುಗರು, ದಾವಣಗೆರೆ

ಉತ್ತರ: ಬಿಲ್ಲಿನಲ್ಲಿ ಹೆಸರಿದ್ದ ಮಾತ್ರಕ್ಕೆ ಸಾಮಾನು ಅವರದಾಗದು. ಲಾಭ ಹಂಚಿಕೊಳ್ಳಲು ಒಪ್ಪಿ ಕೂಡಿ ವ್ಯವಹಾರ ಮಾಡುವವರು, ಬಾಯಿಮಾತಿನಲ್ಲೇ ಆಗಿದ್ದರೂ, 1932ರ ಪಾಲುದಾರಿಕೆ ಕಾಯ್ದೆಯಡಿ ಪಾಲುದಾರರೇ. ಬೇರೆ ಮಾತಾಗಿರದಿದ್ದರೆ ಲಾಭ-ನಷ್ಟ ಸಮಪಾಲು. ತಂಡದ ಹಣದಲ್ಲಿ ಕೊಂಡದ್ದು ತಂಡದ ಸ್ವತ್ತು. ನೀವು ಹಣ ಕಳಿಸಿದ ಬ್ಯಾಂಕ್, ಯುಪಿಐ ದಾಖಲೆಗಳನ್ನು ಇವತ್ತೇ ತೆಗೆದಿಡಿ. ಜಗಳ ಬೆಳೆದರೆ ನಿಮ್ಮ ಆಧಾರ ಅದೊಂದೇ.

ಹಾಗೆಂದು ಬರಿಗೈಯಲ್ಲಿ ಕಳಿಸುವಂತಿಲ್ಲ. ಕೊಂಡ ಬೆಲೆಯನ್ನೇ ಕೇಳುವುದೂ ನ್ಯಾಯವಲ್ಲ. ಆ ಸಾಮಾನಿನಿಂದ ಅವರೂ ಮೂರು ವರ್ಷ ದುಡಿದಿದ್ದಾರೆ. ಆದಾಯ ತೆರಿಗೆ ಲೆಕ್ಕದಲ್ಲಿ ಸಾಮಾನ್ಯ ಯಂತ್ರೋಪಕರಣಕ್ಕೆ ಉಳಿಕೆ ಬೆಲೆಯ ಮೇಲೆ ವರ್ಷಕ್ಕೆ ಶೇ. 15 ಸವಕಳಿ. ಅದನ್ನೇ ಹಿಡಿದರೆ 4,00,000 ಮೂರು ವರ್ಷಕ್ಕೆ 2,45,650 ಆಗುತ್ತದೆ. ಒಬ್ಬರ ಪಾಲು 49,130. ಇದು ಮಾತಿಗೆ ಕೂರಲು ಒಂದು ಅಂಕಿ ಅಷ್ಟೆ. ಇಬ್ಬರು ಸೌಂಡ್ ಅಂಗಡಿಯವರಿಂದ ಸೆಕೆಂಡ್‌ಹ್ಯಾಂಡ್ ದರ ಬರೆಸಿಕೊಂಡು ಸರಾಸರಿ ತೆಗೆಯಿರಿ. ತುಳಿಸಿಕೊಂಡ ಕೇಬಲ್ಲಿಗೆ, ಸಡಿಲ ಸ್ಟ್ಯಾಂಡಿಗೆ ಸೊನ್ನೆ ಹಾಕಿ. ಕಾರ್ಯಕ್ರಮಗಳಿಂದ ಬರಬೇಕಾದ ಬಾಕಿ, ರಿಪೇರಿಯ ಸಾಲ ಎರಡನ್ನೂ ಇದೇ ಲೆಕ್ಕಕ್ಕೆ ಸೇರಿಸಿ. ಒಟ್ಟಿಗೆ ಕೊಡಲಾಗದಿದ್ದರೆ ಮೂರ್ನಾಲ್ಕು ಕಂತು. ಹಣದ ಬದಲು ವಸ್ತು ಕೊಡುವುದಾದರೆ ಮಿಕ್ಸರ್ ಮಾತ್ರ ಬಿಡಬೇಡಿ. ಎಲ್ಲ ಮೈಕು, ವಾದ್ಯಗಳ ಧ್ವನಿ ಕೂಡಿಸುವ ಯಂತ್ರ ಅದೇ, ಅದಿಲ್ಲದಿದ್ದರೆ ಮರುದಿನದ ಕಾರ್ಯಕ್ರಮವೇ ನಿಲ್ಲುತ್ತದೆ.

ತೀರ್ಮಾನವನ್ನು ಸ್ಟ್ಯಾಂಪ್ ಪೇಪರಿನಲ್ಲಿ ಬರೆಸಿ: ವಸ್ತುಗಳ ಹೆಸರು, ಸೀರಿಯಲ್ ನಂಬರು, ಕೊಟ್ಟ ಮೊತ್ತ, ಇನ್ನು ಯಾವ ಹಕ್ಕೂ ಇಲ್ಲವೆಂಬ ಮಾತು, ಐವರ ಸಹಿ. ಮೂಲ ಬಿಲ್ಲುಗಳೂ ಅಂದೇ ನಿಮ್ಮ ಕೈಸೇರಬೇಕು.

ಉಳಿದ ನಾಲ್ವರು ಮತ್ತೆ ಎಲ್ಲದರಲ್ಲೂ ಪಾಲು ಹಾಕಬೇಡಿ. ಒಂದು ವಸ್ತುವಿಗೆ ಒಬ್ಬರೇ ಒಡೆಯರಿರಲಿ. ಪ್ರತಿ ಕಾರ್ಯಕ್ರಮದ ಹಣದಲ್ಲಿ ಮೊದಲು ಅವರಿಗೆ ಬಾಡಿಗೆ, ಆಮೇಲೆ ರಿಪೇರಿ ನಿಧಿಗೆ ಶೇ. 10, ಉಳಿದದ್ದು ಹಂಚಿಕೆ. ಯಾರಾದರೂ ಬಿಟ್ಟರೆ ತಮ್ಮ ವಸ್ತು ತಾವು ಒಯ್ಯುತ್ತಾರೆ.

ಕೆಟ್ಟಾಗ ಯಾರು ಕೊಡಬೇಕು ಎಂಬುದನ್ನೂ ಮೊದಲೇ ಬರೆದಿಡಿ. ಕೇಬಲ್ ತುಂಡಾಗುವುದು ಸವೆತ, ಅದು ನಿಧಿಯಿಂದ ಹೋಗಲಿ. ಟ್ವೀಟರ್, ಅಂದರೆ ಸ್ಪೀಕರಿನಲ್ಲಿ ಕೀಚು ಧ್ವನಿ ಹೊರಡಿಸುವ ಭಾಗ, ಸುಡುವುದು ಹೆಚ್ಚಾಗಿ ಕೈತಪ್ಪು: ಮಿತಿ ಮೀರಿದೆ ಎಂದು ಕೆಂಪು ದೀಪ ಉರಿಯುತ್ತಿದ್ದರೂ ಸೌಂಡ್ ಏರಿಸಿದರೆ ಆಂಪ್ಲಿಫೈಯರ್ ಧ್ವನಿ ಅಲೆಯ ತುದಿಯನ್ನು ಕತ್ತರಿಸುತ್ತದೆ, ಆಗ ಹುಟ್ಟುವ ಹೆಚ್ಚುವರಿ ಕೀಚು ಧ್ವನಿಯ ಶಕ್ತಿ ಟ್ವೀಟರಿನ ತೆಳು ತಂತಿಸುರುಳಿಗೆ ಹೋಗಿ ಅದನ್ನು ಸುಡುತ್ತದೆ. ಆ ಖರ್ಚು ಮಿಕ್ಸರ್ ಮುಂದೆ ಕೂತವರದು. ಗಣೇಶನ ಹಬ್ಬದಲ್ಲಿ ಸಂಘಟಕರೇ ಬಂದು ಸೌಂಡ್ ಏರಿಸಿದ್ದರೆ ಅವರದು. ಅಡ್ವಾನ್ಸ್ ರಸೀದಿಯಲ್ಲೇ ಆ ಸಾಲು ಸೇರಿಸಿ.