ಟೊರೆಂಟ್ ತಂತ್ರಾಂಶ: ಯಾವುದನ್ನು ಹಾಕಿಕೊಳ್ಳಬೇಕು?

ಪ್ರಶ್ನೆ: ನಮ್ಮ ಕಾಲೇಜಿನ ಗಣಕ ಪ್ರಯೋಗಾಲಯದ ಯಂತ್ರಗಳಿಗೆ ಉಬುಂಟು ಎಂಬ ಉಚಿತ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯನ್ನು ಹಾಕಬೇಕಾಗಿದೆ. ಅದರ ಕಡತವನ್ನು ಬ್ರೌಸರಿನಲ್ಲಿ ಇಳಿಸಿಕೊಳ್ಳುವಾಗ ನಡುವೆ ವಿದ್ಯುತ್ ಹೋಗಿ, ಪ್ರತಿಸಲವೂ ಮೊದಲಿನಿಂದ ಆರಂಭಿಸಬೇಕಾಗುತ್ತಿದೆ. ಟೊರೆಂಟ್ ಬಳಸಿ ಎಂದು ವಿದ್ಯಾರ್ಥಿಗಳು ಹೇಳುತ್ತಾರೆ. ಅದಕ್ಕೆ ಯೂಟೊರೆಂಟ್ ಸಾಕೇ? ಇದರಲ್ಲಿ ಕಾನೂನಿನ ತೊಡಕೇನಾದರೂ ಇದೆಯೇ?
– ಉಪನ್ಯಾಸಕರು, ಧಾರವಾಡ

ಉತ್ತರ: ವಿದ್ಯಾರ್ಥಿಗಳ ಸಲಹೆ ಸರಿಯಾಗಿದೆ. ಯೂಟೊರೆಂಟ್ ಮಾತ್ರ ಬೇಡ. ಅದರ ಬದಲು ಕ್ಯೂಬಿಟ್‌ಟೊರೆಂಟ್ ಹಾಕಿಕೊಳ್ಳಿ.

ಇಂದಿನ ಉಬುಂಟು ಡೆಸ್ಕ್‌ಟಾಪ್ ಕಡತ ಸುಮಾರು 6 ಜಿಬಿ ಇರುತ್ತದೆ. ಟೊರೆಂಟ್ ಇದನ್ನು ಸಣ್ಣ ಸಣ್ಣ ತುಂಡುಗಳಾಗಿ ಹಲವರ ಗಣಕಗಳಿಂದ ತರಿಸಿಕೊಂಡು, ಬಂದ ಪ್ರತಿಯೊಂದು ತುಂಡನ್ನೂ ಅದರ ಗಣಿತದ ಗುರುತಿನೊಡನೆ ತಾಳೆ ನೋಡುತ್ತದೆ ಮತ್ತು ತಾಳೆಯಾಗದ್ದನ್ನು ಎಸೆದು ಮತ್ತೆ ತರಿಸುತ್ತದೆ. ಆದ್ದರಿಂದ ವಿದ್ಯುತ್ ಹೋಗಿ ಬಂದರೂ ಆಗಲೇ ಬಂದ ತುಂಡುಗಳು ಉಳಿದಿರುತ್ತವೆ, ಕೆಲಸ ನಿಂತಲ್ಲಿಂದ ಮುಂದುವರಿಯುತ್ತದೆ. ಬ್ರಾಮ್ ಕೋಹೆನ್ 2001ರಲ್ಲಿ ರೂಪಿಸಿದ ಈ ವಿಧಾನ ದೊಡ್ಡ ಕಡತಗಳಿಗೆ ಇಂದಿಗೂ ತಕ್ಕದ್ದಾಗಿದೆ.

ಯೂಟೊರೆಂಟ್‌ಗೆ ಒಳ್ಳೆಯ ಹೆಸರು ಬಂದದ್ದು ಸುಮ್ಮನೆ ಅಲ್ಲ. ಸ್ವೀಡನ್ನಿನ ಲುಡ್ವಿಗ್ ಸ್ಟ್ರಿಜಿಯಸ್ ಬರೆದು 2005ರಲ್ಲಿ ಹೊರಬಂದಾಗ ಅದು ಅತಿ ಚಿಕ್ಕದಾಗಿಯೂ ಹಗುರವಾಗಿಯೂ ಇದ್ದುದರಿಂದ ಅಂದಿನ ದುರ್ಬಲ ಯಂತ್ರಗಳಿಗೆ ವರದಾನವೇ ಆಗಿತ್ತು. 2006ರ ಕೊನೆಯಲ್ಲಿ ಬಿಟ್‌ಟೊರೆಂಟ್ ಕಂಪನಿ ಅದನ್ನು ಕೊಂಡಿತು. ಬರಬರುತ್ತಾ ಜಾಹೀರಾತುಗಳು ಸೇರಿಕೊಂಡವು. 2015ರಲ್ಲಿ ಅದರ ಜೊತೆಗೆ ಎಪಿಕ್ ಸ್ಕೇಲ್ ಎಂಬ ಕ್ರಿಪ್ಟೋಕರೆನ್ಸಿ ಗಣಿಗಾರಿಕೆಯ (ಗಣಕದ ಶಕ್ತಿ ಬಳಸಿ ಡಿಜಿಟಲ್ ಹಣ ಗಳಿಸುವ) ತಂತ್ರಾಂಶವೂ ತಮಗೆ ತಿಳಿಯದಂತೆ ಬಂದು ಕೂತಿದೆಯೆಂದು ಬಳಕೆದಾರರು ದೂರಿದರು. ಬಳಕೆದಾರರ ಒಪ್ಪಿಗೆ ಪಡೆದೇ ಹಾಕಲಾಗಿದೆ ಎಂದು ವಾದಿಸಿದ ಕಂಪನಿ, ಆಮೇಲೆ ಅದನ್ನು ಕೈಬಿಟ್ಟಿತು. ಇಷ್ಟಾದರೂ ಇಂದು ಅದು ಕೆಲಸ ಮಾಡುವುದಿಲ್ಲವೆಂದು ಹೇಳಲಾಗದು. ಆದರೆ ಜಾಹೀರಾತಿಲ್ಲದ, ಒಳಗೇನಿದೆ ಎಂದು ಯಾರು ಬೇಕಾದರೂ ತೆರೆದು ನೋಡಬಹುದಾದ ತಂತ್ರಾಂಶ ಉಚಿತವಾಗಿಯೇ ಸಿಗುವಾಗ, ವಿದ್ಯಾರ್ಥಿಗಳು ಬಳಸುವ ಯಂತ್ರಕ್ಕೆ ಅದನ್ನು ಏಕೆ ತರಬೇಕು?

ಕ್ಯೂಬಿಟ್‌ಟೊರೆಂಟ್ 2006ರಿಂದ ಇದೆ, ಸ್ವಯಂಸೇವಕರ ಕೈಯಲ್ಲಿ ಬೆಳೆದಿದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಯಂತ್ರಗಳು ಬಹಳ ಹಳೆಯವಾಗಿದ್ದರೆ ಉಬುಂಟುವಿನದೇ ಹಗುರ ರೂಪವಾದ ಲುಬುಂಟು ಉತ್ತಮ. ಅದರಲ್ಲಿ ಕ್ಯೂಬಿಟ್‌ಟೊರೆಂಟ್ ಜೊತೆಯಲ್ಲೇ ಬರುತ್ತದೆ. ಇನ್ನೂ ಸರಳವಾದದ್ದು ಬೇಕೆನ್ನುವವರಿಗೆ ಟ್ರಾನ್ಸ್‌ಮಿಷನ್ ಇದೆ. ಮ್ಯಾಕ್ ಬಳಸುವವರಲ್ಲಿ ಬಹುಮಂದಿಗೆ ಅದೇ ಪ್ರಿಯ. ಡೆಲ್ಯೂಜ್ ಕೂಡ ಚೆನ್ನಾಗಿದೆ. ಅದೂ ಕ್ಯೂಬಿಟ್‌ಟೊರೆಂಟೂ ಒಳಗಡೆ ಬಳಸುವುದು ಲಿಬ್‌ಟೊರೆಂಟ್ ಎಂಬ ಒಂದೇ ಎಂಜಿನ್ನನ್ನು ಆದ್ದರಿಂದ, ಇದು ಅದಕ್ಕಿಂತ ಎರಡು ಪಟ್ಟು ವೇಗ ಎಂಬಂಥ ಹೋಲಿಕೆಗಳನ್ನು ಓದಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಯಾವುದನ್ನು ಆರಿಸುತ್ತೀರಿ ಎಂಬುದಕ್ಕಿಂತ ಎಲ್ಲಿಂದ ತರುತ್ತೀರಿ ಎಂಬುದಕ್ಕೆ ಹೆಚ್ಚು ಗಮನ ಕೊಡಬೇಕೆಂಬುದು ನಮ್ಮ ಅಭಿಪ್ರಾಯ. 2016ರ ಮಾರ್ಚ್‌ನಲ್ಲಿ ಟ್ರಾನ್ಸ್‌ಮಿಷನ್‌ನ ಅಧಿಕೃತ ತಾಣಕ್ಕೇ ಕನ್ನ ಹಾಕಿದವರು, ಅದರ ಮ್ಯಾಕ್ ಆವೃತ್ತಿಯೊಳಗೆ ಕಡತಗಳನ್ನು ಒತ್ತೆಯಿಟ್ಟು ಹಣ ಕೇಳುವ ಕೆರೇಂಜರ್ ಎಂಬ ಕುತಂತ್ರಾಂಶವನ್ನು ಸೇರಿಸಿದ್ದರು. ಅದು ಬೇಗ ಪತ್ತೆಯಾಯಿತು, ಸರಿಪಡಿಸಲಾಯಿತು. ಮೂಲ ತಾಣಕ್ಕೇ ಇಂಥ ಗತಿ ಬರಬಹುದಾದರೆ, ಹುಡುಕಾಟದಲ್ಲಿ ಜಾಹೀರಾತಾಗಿ ಮೊದಲಿಗೆ ಕಾಣುವ ಹೆಸರು ಕೇಳದ ತಾಣಗಳನ್ನು ನಂಬಲು ಯಾವ ಕಾರಣವೂ ಇಲ್ಲ. ಅದೇ ರೀತಿ ಟೊರೆಂಟ್ ಕಡತವನ್ನು, ಅಂದರೆ ಯಾವ ತುಂಡುಗಳು ಬೇಕು, ಅವುಗಳ ಗುರುತೇನು ಎಂದು ತಂತ್ರಾಂಶಕ್ಕೆ ತಿಳಿಸುವ ಪುಟ್ಟ ಕಡತವನ್ನು, ಉಬುಂಟುವಿನ ಸ್ವಂತ ತಾಣದಿಂದಲೇ ಪಡೆಯಿರಿ. ತುಂಡುಗಳನ್ನು ತಾಳೆ ನೋಡುವ ವ್ಯವಸ್ಥೆ, ಬಂದದ್ದು ಆ ಟೊರೆಂಟ್ ಕಡತ ಹೇಳಿದಂತೆಯೇ ಇದೆಯೇ ಎಂದಷ್ಟೇ ನೋಡುತ್ತದೆ. ಟೊರೆಂಟ್ ಕಡತವೇ ಖೋಟಾ ಆಗಿದ್ದರೆ ಅದಕ್ಕೆ ಗೊತ್ತಾಗುವುದಿಲ್ಲ.

ಕಾನೂನಿನ ಮಾತು. ಟೊರೆಂಟ್ ಬಳಸುವುದು ಅಪರಾಧವಲ್ಲ. ಉಬುಂಟು, ಡೆಬಿಯನ್, ಫೆಡೋರಾ ಎಂಬ ಲಿನಕ್ಸ್ ವ್ಯವಸ್ಥೆಗಳ ತಯಾರಕರೇ ಟೊರೆಂಟ್ ಒದಗಿಸುತ್ತಾರೆ; ಹಳೆಯ ಪುಸ್ತಕ, ಜಾಲಪುಟಗಳನ್ನು ಕಾಪಿಡುವ ಇಂಟರ್ನೆಟ್ ಆರ್ಕೈವ್ ಕೂಡ 2012ರಿಂದ ಒದಗಿಸುತ್ತಿದೆ. ಹೊಸ ಚಲನಚಿತ್ರವನ್ನು ಹೀಗೆ ತರಿಸಿಕೊಳ್ಳುವುದು ಬೇರೆ ವಿಷಯ. ಇಳಿಸಿಕೊಳ್ಳುತ್ತಿರುವಾಗಲೇ ನಿಮ್ಮ ಗಣಕ ಆ ತುಂಡುಗಳನ್ನು ಇತರರಿಗೂ ಕೊಡುತ್ತಿರುವುದರಿಂದ ನೀವು ವಿತರಕರೂ ಆಗಿರುತ್ತೀರಿ. 1957ರ ಕೃತಿಸ್ವಾಮ್ಯ ಕಾಯ್ದೆಯ 63ನೇ ಕಲಮಿನಲ್ಲಿ ಮೂರು ವರ್ಷಗಳವರೆಗಿನ ಸೆರೆವಾಸಕ್ಕೂ ಎರಡು ಲಕ್ಷ ರೂಪಾಯಿಗಳವರೆಗಿನ ದಂಡಕ್ಕೂ ಅವಕಾಶವಿದೆ. ಇನ್ನೊಂದು ಸಂಗತಿ: ಅನೇಕ ಕಾಲೇಜುಗಳ ಜಾಲದಲ್ಲಿ ಟೊರೆಂಟ್ ಸಂಚಾರವನ್ನೇ ತಡೆದಿರುತ್ತಾರೆ, ಆದ್ದರಿಂದ ಜಾಲದ ಉಸ್ತುವಾರಿ ನೋಡುವವರಿಗೆ ಮೊದಲೇ ತಿಳಿಸಿ. ಒಮ್ಮೆ ಇಳಿಸಿಕೊಂಡರೆ ಎಲ್ಲ ಯಂತ್ರಗಳಿಗೂ ಅದೊಂದೇ ಪ್ರತಿ ಸಾಕು.

ಪ್ರಶ್ನೆ: ಟೊರೆಂಟ್ ಹಚ್ಚಿದೊಡನೆ ಮನೆಯ ಇಂಟರ್ನೆಟ್ಟೇ ಕುಂಟುತ್ತದೆ, ಬೇರೆ ಯಾವ ಪುಟವೂ ತೆರೆಯುವುದಿಲ್ಲ. ತಂತ್ರಾಂಶ ಬದಲಿಸಬೇಕೇ?
– ಓದುಗರು, ಪುತ್ತೂರು

ಉತ್ತರ: ಬದಲಿಸಬೇಕಾಗಿಲ್ಲ. ನೀವು ಒಂದು ಪುಟವನ್ನು ತರಿಸಿಕೊಳ್ಳುವಾಗಲೂ ‘ತಲುಪಿತು’ ಎಂಬ ಸಣ್ಣ ಸಂದೇಶಗಳು ನಿಮ್ಮ ಕಡೆಯಿಂದ ಹೊರಗೆ ಹೋಗುತ್ತಿರಬೇಕು. ಅಪ್‌ಲೋಡ್‌ಗೆ (ಇತರರಿಗೆ ತುಂಡುಗಳನ್ನು ಕಳಿಸುವುದಕ್ಕೆ) ಮಿತಿ ಹಾಕದಿದ್ದರೆ ಟೊರೆಂಟ್ ಆ ದಾರಿಯನ್ನೆಲ್ಲ ಆಕ್ರಮಿಸಿ, ಈ ಸಂದೇಶಗಳು ಸರದಿಯಲ್ಲಿ ಸಿಲುಕುತ್ತವೆ. ಸೆಟ್ಟಿಂಗ್ಸ್‌ನಲ್ಲಿ ಅಪ್‌ಲೋಡ್ ವೇಗವನ್ನು ನಿಮ್ಮ ಸಂಪರ್ಕದ ನಿಜವಾದ ಅಪ್‌ಲೋಡ್ ವೇಗದ ಮುಕ್ಕಾಲು ಭಾಗಕ್ಕೆ ಸೀಮಿತಗೊಳಿಸಿ. ಸೊನ್ನೆ ಎಂದು ಹಾಕಬೇಡಿ: ಈ ತಂತ್ರಾಂಶಗಳಲ್ಲಿ ಹಲವು ಕಡೆ ಸೊನ್ನೆ ಎಂದರೆ ಮಿತಿಯೇ ಇಲ್ಲ ಎಂದರ್ಥ. ಅದಲ್ಲದೆ, ಕೊಡದವರಿಗೆ ಇತರರೂ ಕೊಡಲು ಹಿಂಜರಿಯುವಂತೆ ಈ ವಿಧಾನವನ್ನು ರೂಪಿಸಲಾಗಿದೆ. ತಿಂಗಳ ಡೇಟಾ ಮಿತಿ ಇರುವ ಯೋಜನೆಗಳಲ್ಲಿ ಅಪ್‌ಲೋಡ್ ಕೂಡ ಲೆಕ್ಕಕ್ಕೆ ಬರುವುದುಂಟು ಎಂಬುದನ್ನೂ ಗಮನಿಸಿ.

ಪ್ರಶ್ನೆ: ಪೆನ್‌ಡ್ರೈವ್‌ಗೇ ನೇರವಾಗಿ ಇಳಿಸಿಕೊಳ್ಳುತ್ತಿದ್ದೆ. ಜಾಗವಿದ್ದರೂ ದೋಷವೆಂದು ತೋರಿಸಿ ನಿಲ್ಲುತ್ತದೆ. ಏಕೆ?
– ವಿದ್ಯಾರ್ಥಿನಿ, ಹಾಸನ

ಉತ್ತರ: ಆ ಪೆನ್‌ಡ್ರೈವ್ ಫ್ಯಾಟ್32 ವಿನ್ಯಾಸದಲ್ಲಿರಬಹುದು, ಅದರಲ್ಲಿ 4 ಜಿಬಿಗಿಂತ ದೊಡ್ಡ ಒಂಟಿ ಕಡತ ಹಿಡಿಸುವುದಿಲ್ಲ. ಒಳಗಿರುವುದನ್ನು ಬೇರೆಡೆ ಉಳಿಸಿಕೊಂಡು ಎಕ್ಸ್‌ಫ್ಯಾಟ್ ವಿನ್ಯಾಸಕ್ಕೆ ಫಾರ್ಮ್ಯಾಟ್ ಮಾಡಿ. ಆದರೂ ಮೊದಲು ಗಣಕದ ಡಿಸ್ಕಿಗೇ ಇಳಿಸಿಕೊಂಡು ಆಮೇಲೆ ನಕಲಿಸುವುದು ಒಳ್ಳೆಯದು, ಏಕೆಂದರೆ ಟೊರೆಂಟ್ ತುಂಡುಗಳನ್ನು ಕ್ರಮವಿಲ್ಲದೆ ಅಲ್ಲಲ್ಲಿ ಬರೆಯುತ್ತಾ ಹೋಗುತ್ತದೆ ಮತ್ತು ಅಗ್ಗದ ಪೆನ್‌ಡ್ರೈವ್‌ಗಳು ಅಂಥ ಬರವಣಿಗೆಯಲ್ಲಿ ತೀರ ನಿಧಾನ.