ಒಂದೇ ಕೋಟೆ, ಐದು ರ್‍ಯಾಕು

ಪ್ರಶ್ನೆ: ನಾನು ಆರ್ಕಿಟೆಕ್ಚರ್ ಕೊನೇ ವರ್ಷ ಓದ್ತಿದೀನಿ ಸರ್, ಥೀಸಿಸ್‌ಗೆ ಶ್ರೀರಂಗಪಟ್ಟಣದ ಕೋಟೆ ತಗೊಂಡಿದೀನಿ. ಲೈಬ್ರರೀಲಿ ವಾಸ್ತುಶಿಲ್ಪದ ರ್‍ಯಾಕ್ ಪೂರ್ತಿ ಜಾಲಾಡಿದೆ, ದೇವಸ್ಥಾನ ಅರಮನೆ ಬಿಟ್ರೆ ಕಂದಕ, ಬುರುಜಿನ ಬಗ್ಗೆ ಏನೂ ಸಿಗ್ಲಿಲ್ಲ, ಹಳೇ ನಕ್ಷೆ ಅಂತೂ ಒಂದೂ ಇಲ್ಲ. ಎಲ್ಲಿ ಹುಡುಕ್ಲಿ?
– ಓದುಗಿ, ಮೈಸೂರು

ಉತ್ತರ: ನೀವು ನೋಡಿದ ರ್‍ಯಾಕ್ ತಪ್ಪಲ್ಲಮ್ಮ, ಅದೊಂದೇ ಸಾಲಲ್ಲ. ಡ್ಯೂಯಿ ನಂಬರ್, ಅಂದ್ರೆ ವಿಷಯಕ್ಕೊಂದು ಸಂಖ್ಯೆ ಕೊಡೋ ಪದ್ಧತಿ ಪ್ರಕಾರ ಜೋಡ್ಸಿರೋ ಲೈಬ್ರರೀಲಿ ವಾಸ್ತುಶಿಲ್ಪ 720ರಲ್ಲಿ ಇರತ್ತೆ, ಕೋಟೆ ಕಟ್ಟೋ ವಿದ್ಯೆ ಮಿಲಿಟರಿ ಇಂಜಿನಿಯರಿಂಗ್ ಜೊತೆ 623ರಲ್ಲಿ, ನಕ್ಷೆಗಳು 912ರಲ್ಲಿ, ನಕ್ಷೆ ಮಾಡೋ ಶಾಸ್ತ್ರ 526ರಲ್ಲಿ, ಯುದ್ಧದ ಕಥೆ 954ರಲ್ಲಿ ಭಾರತದ ಇತಿಹಾಸದ ಜೊತೆ. ಆದ್ರೆ ಟಿಪ್ಪು ಕಾಲದಲ್ಲಿ ಇದೆಲ್ಲಾ ಸೈನ್ಯದ ಇಂಜಿನಿಯರ್ ಕೆಲ್ಸ, ಕಂದಕ ಎಷ್ಟಗಲ, ಫಿರಂಗಿ ಎಲ್ಲಿಡ್ಬೇಕು ಅಂತ ಲೆಕ್ಕ ಹಾಕೋನೂ ಅವನೇ, ನಕ್ಷೆ ಬರೆಯೋನೂ ಅವನೇ. ಅದಕ್ಕೇ ವಿಷಯ ಬಿಟ್ಟು ಆ ಮನುಷ್ಯನ ಹೆಸರು ಹಿಡ್ಕೊಂಡು ಹುಡುಕಿ.

ಕಾಲಿನ್ ಮೆಕೆಂಜಿನೇ ತಗೊಳ್ಳಿ. ಬ್ರಿಟಿಷರು ಟಿಪ್ಪು ಸುಲ್ತಾನನ ಈ ಕೋಟೆಗೆ ಹಾಕಿದ 1799ರ ಮುತ್ತಿಗೇಲಿ ಅವ್ರ ಕಡೆ ಇಂಜಿನಿಯರ್ ಆಗಿದ್ದ, ಆಮೇಲೆ ಮೈಸೂರು ಸೀಮೆ ಸರ್ವೆ ಮಾಡಿದ, 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದ. ಅದೇ ಮುತ್ತಿಗೇಲಿ ಸೈನ್ಯದ ಸರ್ವೆ ನೋಡ್ಕೊಂಡಿದ್ದ ಬೀಟ್ಸನ್ 1800ರಲ್ಲಿ ಆ ಯುದ್ಧದ ಪುಸ್ತಕ ತಂದ, ಅದಕ್ಕೂ ಮುಂಚೆ 1792ರಲ್ಲಿ ಆದ ಮುತ್ತಿಗೆ ಬಗ್ಗೆ ಬ್ರಿಟಿಷ್ ಸೈನ್ಯದ ಅಧಿಕಾರಿ ಡಿರೋಮ್ ಬರೆದಿದ್ದು 1793ರಲ್ಲಿ ಬಂತು. ಎರಡರಲ್ಲೂ ಪ್ಲಾನ್‌ಗಳಿವೆ, ಆದ್ರೆ ಕ್ಯಾಟಲಾಗಲ್ಲಿ ಕೋಟೆ ಅಂತ ಹಾಕಿದ್ರೆ ಎರಡೂ ಬರ್ದೇ ಹೋಗ್ಬೋದು. ಹಳೇ ಇಂಗ್ಲಿಷ್ ಪುಸ್ತಕದಲ್ಲಿ ಊರಿನ ಹೆಸರು ಸೆರಿಂಗಪಟಂ ಅಂತಿರತ್ತೆ, ಅದನ್ನೂ ಟೈಪ್ ಮಾಡಿ ನೋಡಿ.

ಇನ್ನೊಂದು ಮುಖ್ಯ ವಿಷಯ, ನಂಗೆ ತುಂಬಾ ಬೇಜಾರಾಗೋ ವಿಷಯನೂ ಹೌದು. ಹಳೇ ಪುಸ್ತಕದಲ್ಲಿ ನಕ್ಷೇನ ಮಡಚಿ ಅಂಟಿಸಿರ್ತಾರೆ, ಸ್ಕ್ಯಾನ್ ಮಾಡೋವಾಗ ಎಷ್ಟೋ ಸಲ ಬಿಡಿಸ್ದೇ ಹಾಗೇ ಸ್ಕ್ಯಾನ್ ಮಾಡಿಬಿಡ್ತಾರೆ, ನಮಗೆ ಕಾಣೋದು ಒಂದು ತುಂಡು ಮಾತ್ರ. ಪುಸ್ತಕದಲ್ಲಿರೋ ಪ್ಲೇಟ್‌ಗಳ, ಅಂದ್ರೆ ಚಿತ್ರ-ನಕ್ಷೆ ಹಾಳೆಗಳ ಪಟ್ಟಿ ನೋಡಿ ಎಣಿಸಿ, ಕಮ್ಮಿ ಇದ್ರೆ ಅಸಲಿ ಪುಸ್ತಕ ಎಲ್ಲಿದೆ ಅಂತ ಲೈಬ್ರೇರಿಯನ್ ಹತ್ರ ಕೇಳಿ, ಸಂಕೋಚ ಬೇಡ.

ಇವೆಲ್ಲ ಮುತ್ತಿಗೆ ಹಾಕೋಕೆ ಬಂದೋರು ಬರೆದ ನಕ್ಷೆ ಅನ್ನೋದು ಮರೀಬೇಡಿ. ಗೋಡೆ, ಹೊಳೆ, ದೂರ ಇದ್ರ ಮೇಲೇ ಅವ್ರ ಕಣ್ಣು, ಒಳಗಿನ ಬೀದಿ ಮನೆ ಅವ್ರಿಗೆ ಅಷ್ಟು ಬೇಕಿರ್ಲಿಲ್ಲ. ಊರಿನೋರ ಕಡೆಯಿಂದ ನೋಡೋಕೆ ಮೆಕೆಂಜಿ ಊರೂರಲ್ಲಿ ಬರೆಸಿಕೊಂಡ ಕೈಫಿಯತ್ತುಗಳು, ಅಂದ್ರೆ ಸ್ಥಳೀಯ ಚರಿತ್ರೆಯ ಬರಹಗಳಿವೆ, ಎಂ. ಎಂ. ಕಲಬುರ್ಗಿಯವ್ರು ಸಂಪಾದಿಸಿದ ‘ಕರ್ನಾಟಕದ ಕೈಫಿಯತ್ತುಗಳು’ ತೆಗೆದು ನೋಡಿ, ಇದು ಕನ್ನಡದ ರ್‍ಯಾಕಲ್ಲಿರತ್ತೆ.

ಆಮೇಲೆ ಪ್ಲಾನ್ ಪ್ರಿಂಟ್ ತಗೊಂಡು ಕೋಟೆಯ ವಾಯವ್ಯ ಮೂಲೆಗೆ ಹೋಗಿ ನಿಂತ್ಕೊಳ್ಳಿ. 1799ರ ಮೇ 4ಕ್ಕೆ ಸೈನ್ಯ ಹೊಳೆ ದಾಟಿ ನುಗ್ಗಿದ್ದು ಆ ಕಡೆಯಿಂದ್ಲೇ. ನೀವೂ ಬೇಸಿಗೇಲೇ ಹೋಗಿ, ಹೊಳೆ ಇಳಿದಾಗ ಕಾಣೋ ಬಂಡೆ ನೋಡಿದ್ರೆ ಆ ಜಾಗ ಯಾಕೆ ಆರಿಸಿದ್ರು ಅಂತ ಪ್ಲಾನಿಗಿಂತ ಬೇಗ ಗೊತ್ತಾಗತ್ತೆ.